ಯಾವ ಕಮ್ಯುನಿಟಿ ಕಾಲೇಜಮ್ಮ ಅದು?

2015ರಲ್ಲಿ ನಾನು ಮತ್ತೆ ಕಾಲೇಜು ಸೇರ್ಕೊಂಡೆ ಅಂತ ಊರಿಗೆ ಫೋನ್ ಮಾಡಿ ಹೇಳಿದಾಗ ದೊಡ್ಡಪ್ಪ ಕೇಳಿದ ಮೊದಲನೇ ಪ್ರಶ್ನೆ ಇದು. ಕಮ್ಯುನಿಟಿ ಕಾಲೇಜು ಅಂದ್ನಲ್ಲ, ತಕ್ಷಣ "ಯಾವ ಕಮ್ಯುನಿಟಿ? ನಮ್ಮೋರ್ದಾ ಬೇರೇರ್ದಾ? ಅಮೆರಿಕಾದಲ್ಲೂ ಜಾತಿಗೊಂದು ಕಾಲೇಜು ಕಟ್ಟವ್ರಾ?" ಅಂದ್ರು. ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು, ಆದ್ರೆ ಅವ್ರದೇನು ತಪ್ಪು ಹೇಳಿ, ನಮ್ಮ ಕಡೆ ಮಠದ ಕಾಲೇಜು, ಸಂಘದ ಕಾಲೇಜು, ಇಂಥೋರ ಹಾಸ್ಟೆಲ್ಲು ಅಂತಾನೇ ಗುರುತು, ಕಮ್ಯುನಿಟಿ ಅನ್ನೋ ಪದ ನಮ್ಮನೇಲಿ ಬಾಯಿಗೆ ಬರೋದೇ ಫಾರಂ ತುಂಬುವಾಗ. ಇಲ್ಲಪ್ಪ, ಇದು ಯಾರದೂ ಅಲ್ಲ, ಎಲ್ಲಾರ್ದೂ, ಊರೋರ ಕಾಲೇಜು ಅಂತ ಹೇಳ್ದೆ. "ಎಲ್ಲಾರ್ದೂ ಅಂದ್ರೆ ಸರ್ಕಾರಿ ಕಾಲೇಜು ಅನ್ನು" ಅಂದ್ರು. ಅದು ಹೆಚ್ಚೂಕಮ್ಮಿ ಸರಿನೇ.

ಇತ್ತೀಚೆಗೆ ಊರ ಕಡೆಯ ಹುಡುಗಿಯೊಬ್ಳು, ಮದುವೆ ಆಗಿ ಡಿಪೆಂಡೆಂಟ್ ವೀಸಾದಲ್ಲಿ ಬಂದೋಳು, ಅಕ್ಕ ನಾನೂ ನಿಮ್ ಥರ ಓದ್ಬಹುದಾ ಅಂತ ಕೇಳಿದ್ಲು. ಅವಳಿಗೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಮಾಡ್ತಾ ಮಾಡ್ತಾ 11 ನಿಮಿಷ ಆಯ್ತು, ಇನ್ನೂ ಮುಗೀಲಿಲ್ಲ, ಅದಕ್ಕೆ ಕೂತು ಬರೆದುಬಿಡೋಣ ಅಂತ.

ನಂದು ಅರಸೀಕೆರೆ ಕಡೆ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಬಿಎಸ್ಸಿ ಸಿಬಿಝಡ್ ನಾಲ್ಕನೇ ಸೆಮ್ ಮುಗೀತಿದ್ದಂಗೆ 2013ರಲ್ಲಿ ಮದುವೆ ಆಯ್ತು, ಹುಡುಗ ಒಳ್ಳೆಯವ್ನು, ಅಮೆರಿಕಾ, ಸಾಫ್ಟ್‌ವೇರು, ಇನ್ನೊಂದು ವರ್ಷ ಕಾಯ್ತೀವಿ ಅನ್ನೋಕೆ ನಮ್ಮನೇಲಿ ಯಾರಿಗೂ ಧೈರ್ಯ ಇರ್ಲಿಲ್ಲ. ಅಲ್ಲೇ ಹೋಗಿ ಓದ್ಕೊಳ್ಳಿ ಬಿಡಿ ಅಂದ್ರು. ಅಲ್ಲೇ ಹೋಗಿ ಓದ್ಕೊಳ್ಳೋದು ಅಂದ್ರೆ ಏನು ಅಂತ ಹೇಳಿದೋರಿಗೂ ಗೊತ್ತಿಲ್ಲ, ಕೇಳಿದೋರಿಗೂ ಗೊತ್ತಿಲ್ಲ.

ಬಂದಿದ್ದು ಎಚ್-4 ವೀಸಾದಲ್ಲಿ, ಅಂದ್ರೆ ಗಂಡನ ಕೆಲಸದ ವೀಸಾ ಹಿಡ್ಕೊಂಡು ಬರೋ ಡಿಪೆಂಡೆಂಟ್ ವೀಸಾ. ಕೆಲಸ ಮಾಡಂಗಿಲ್ಲ. 2015ರ ಮೇ ತಿಂಗಳಿಂದ ಎಚ್-4ನೋರಿಗೂ ವರ್ಕ್ ಪರ್ಮಿಟ್ ಕೊಡೋಕೆ ಶುರು ಮಾಡಿದ್ರು, ಆದ್ರೆ ಅದಕ್ಕೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರ್ಬೇಕು, ನಮ್ಮನೆಯವ್ರದು ಇನ್ನೂ ಶುರುನೇ ಆಗಿರ್ಲಿಲ್ಲ. ಆದ್ರೆ ಓದಬಹುದು, ಅದಕ್ಕೆ ಬೇರೆ ವೀಸಾ ಬೇಡ. ಈ ವಿಷಯ ನಂಗೆ ಗೊತ್ತಾಗಿದ್ದೇ ಬಂದು ಎಂಟು ತಿಂಗಳಾದ್ಮೇಲೆ. ಅಲ್ಲೀವರ್ಗೂ ಸಾಂತಾ ಕ್ಲಾರಾದ ಅಪಾರ್ಟ್‌ಮೆಂಟಲ್ಲಿ ಕೂತು ಚಪಾತಿ ದುಂಡಗೆ ಮಾಡೋದು ಕಲ್ತಿದ್ದೆ, ಅಷ್ಟೇ. ಕಾರ್ ಓಡ್ಸೋಕೆ ಬರಲ್ಲ, ಮನೆ ಹತ್ರ ಸ್ಟೀವನ್ಸ್ ಕ್ರೀಕ್ ರೋಡಲ್ಲಿ 23ನೇ ನಂಬರ್ ಬಸ್ ಹೋಗ್ತಿತ್ತು, ಒಂದಿನ ಬೇಜಾರಿಗೆ ಹತ್ತಿ ಕೊನೇ ಸ್ಟಾಪ್ ತನಕ ಹೋದೆ. ಕೊನೇ ಸ್ಟಾಪು ಕೂಪರ್ಟಿನೋದ ಡಿ ಆಂಜಾ ಕಾಲೇಜು, ಅದೇ ನನ್ನ ಕಮ್ಯುನಿಟಿ ಕಾಲೇಜು. ಇಳಿದು ಸುಮ್ನೆ ಒಳಗೆ ಓಡಾಡಿದೆ, ಯಾರೂ ಐಡಿ ಕೇಳಲಿಲ್ಲ, ಯಾಕಮ್ಮ ಬಂದೆ ಅನ್ನಲಿಲ್ಲ, ವಾಚ್‌ಮನ್ನೇ ಇಲ್ಲ. ನಂಗೆ ಅದೇ ದೊಡ್ಡ ಆಶ್ಚರ್ಯ.

ಈ ವ್ಯವಸ್ಥೆ ಹೆಂಗೆ ಅಂತ ಸ್ವಲ್ಪ ಹೇಳ್ಬೇಕು. ಕ್ಯಾಲಿಫೋರ್ನಿಯಾದಲ್ಲಿ 1960ರಲ್ಲಿ ಒಂದು ಮಾಸ್ಟರ್ ಪ್ಲಾನ್ ಅಂತ ಮಾಡಿದ್ರು. ಹೈಸ್ಕೂಲ್ ಮುಗಿಸಿದೋರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬರ್ಕ್ಲಿ, ಯುಸಿಎಲ್ಎ, ಡೇವಿಸ್ ಥರದವು, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿಗಳು, ನಮ್ಮ ಸ್ಯಾನ್ ಹೋಸೆ ಸ್ಟೇಟ್ ಥರದವು, ಇನ್ನು ಮಿಕ್ಕಿದೋರು ಯಾರೇ ಬರ್ಲಿ ಕಮ್ಯುನಿಟಿ ಕಾಲೇಜು ಬಾಗ್ಲು ತೆಗೀಲೇಬೇಕು, ಮತ್ತೆ ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದೋರಿಗೆ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಹತ್ತೋಕೆ ಏಣಿ ಇರ್ಬೇಕು. ಈಗ ರಾಜ್ಯದಲ್ಲಿ ಇಂಥ 116 ಕಾಲೇಜು ಅವೆ. ಸೇರೋಕೆ ಮಾರ್ಕ್ಸ್ ಕೇಳಲ್ಲ, ಎಂಟ್ರೆನ್ಸ್ ಇಲ್ಲ, ಡೊನೇಷನ್ ಅಂತೂ ಇಲ್ವೇ ಇಲ್ಲ. ನಮ್ಮಲ್ಲಿ ಡಿಪ್ಲೊಮಾ ಮಾಡಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ತಗೋತಾರಲ್ಲ, ಅದನ್ನೇ ಎಲ್ಲಾ ಸಬ್ಜೆಕ್ಟಿಗೂ ದೊಡ್ಡದಾಗಿ ಮಾಡಿದಂಗೆ.

ದುಡ್ಡಿನ ಲೆಕ್ಕ ನೋಡಿ, ನಂಗೆ ಇದೇ ಮುಖ್ಯ ಆಗಿದ್ದು. ಫೀ ಯೂನಿಟ್ ಲೆಕ್ಕ, ಯೂನಿಟ್ ಅಂದ್ರೆ ಒಂದೊಂದು ಕೋರ್ಸಿನ ತೂಕ. ರಾಜ್ಯದ ನಿವಾಸಿ ಅಂತ ಆದ್ರೆ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್, ಡಿ ಆಂಜಾ ಕ್ವಾರ್ಟರ್ ಲೆಕ್ಕದ, ಅಂದ್ರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳ ಕಾಲೇಜು ಆದ್ರಿಂದ ಅಲ್ಲಿ ಯೂನಿಟ್ಟಿಗೆ 31. ಟ್ರಾನ್ಸ್‌ಫರ್ ಆಗೋಕೆ, ಅಂದ್ರೆ ಆ ಏಣಿ ಹತ್ತಿ ಯೂನಿವರ್ಸಿಟಿಗೆ ಹೋಗೋಕೆ, ಬೇಕಾಗಿದ್ದು 90 ಕ್ವಾರ್ಟರ್ ಯೂನಿಟ್. 90 ಸಲ 31, ಅಂದ್ರೆ 2790 ಡಾಲರ್, ಎರಡು ವರ್ಷದ್ದು! ಮೇಲೆ ಸಣ್ಣಪುಟ್ಟ ಫೀ, ಪುಸ್ತಕ. ಅದೇ ಯುಸಿ ಆದ್ರೆ ನಾನು ಅಲ್ಲಿಗೆ ಸೇರಿದ 2018ರಲ್ಲಿ ಒಂದೇ ವರ್ಷಕ್ಕೆ 14 ಸಾವಿರ ಚಿಲ್ಲರೆ, ಹೊರಗಿನೋರಾದ್ರೆ ಅದರ ಮೇಲೆ ಇನ್ನೂ 28 ಸಾವಿರದ ಮೇಲೆ. ನಿವಾಸಿ ಅನ್ನಿಸ್ಕೊಳ್ಳೋಕೆ ಒಂದು ವರ್ಷ ಒಂದು ದಿನ ಇಲ್ಲಿದ್ದೆ ಅಂತ ತೋರಿಸ್ಬೇಕು. ಎಚ್-4ನಲ್ಲಿ ಇರೋರಿಗೂ ಇದು ಸಿಗತ್ತೆ, ಸ್ಟೂಡೆಂಟ್ ವೀಸಾದಲ್ಲಿ ಬಂದೋರಿಗೆ ಸಿಗಲ್ಲ, ಇದು ಸುಮಾರು ಜನಕ್ಕೆ ಗೊತ್ತೇ ಇಲ್ಲ. ಆದ್ರೆ ದಾಖಲೆ ಕೇಳ್ತಾರಲ್ಲ, ಆಗ ನಂಗೆ ಗೊತ್ತಾಯ್ತು ನನ್ನ ಹೆಸರಲ್ಲಿ ಈ ದೇಶದಲ್ಲಿ ಏನೇನೂ ಇಲ್ಲ ಅಂತ. ಮನೆ ಲೀಸ್ ಅವ್ರ ಹೆಸ್ರಲ್ಲಿ, ಕರೆಂಟ್ ಬಿಲ್ ಅವ್ರ ಹೆಸ್ರಲ್ಲಿ, ಫೋನ್ ಅವ್ರ ಹೆಸ್ರಲ್ಲಿ. ಬಂದ ತಕ್ಷಣ ಲೀಸಲ್ಲಿ ನಿಮ್ಮ ಹೆಸ್ರೂ ಹಾಕ್ಸಿ, ಸ್ಟೇಟ್ ಐಡಿನಾದ್ರೂ ಮಾಡ್ಸಿ, ಬ್ಯಾಂಕ್ ಅಕೌಂಟ್ ಜಾಯಿಂಟ್ ಮಾಡ್ಸಿ. ಓದ್ತೀರೋ ಬಿಡ್ತೀರೋ ಆಮೇಲಿನ ಮಾತು.

2015ರ ಸೆಪ್ಟೆಂಬರಲ್ಲಿ ಕ್ಲಾಸ್ ಶುರು. ಆಗ ಪ್ಲೇಸ್‌ಮೆಂಟ್ ಟೆಸ್ಟ್ ಅಂತ ಇತ್ತು, ಇಂಗ್ಲಿಷಲ್ಲಿ ನಂಗೆ ಒಂದು ಮೆಟ್ಟಿಲು ಕೆಳಗಿನ ಕ್ಲಾಸ್ ಬಂತು, ಅಂದ್ರೆ ಯೂನಿವರ್ಸಿಟಿ ಲೆಕ್ಕಕ್ಕೇ ಬರದೇ ಇರೋ ಕ್ಲಾಸು. ಇದರಿಂದ ಎಷ್ಟೋ ಜನ ಅಲ್ಲೇ ಸಿಕ್ಕಾಕೊಂಡು ಬಿಟ್ಟು ಹೋಗ್ತಾರೆ ಅಂತ 2017ರಲ್ಲಿ ಕಾನೂನೇ ಮಾಡಿ ಈ ಟೆಸ್ಟ್ ಪದ್ಧತಿ ತೆಗೆದ್ರು, ನಾನು ಅದಕ್ಕೂ ಮುಂಚಿನ ಬ್ಯಾಚು. ಹೋಗ್ಲಿ, ನಂಗೆ ಆ ಕ್ಲಾಸ್ ಬೇಕೇ ಇತ್ತು ಅನ್ಸತ್ತೆ. ಮೊದಲನೇ ಪ್ರಬಂಧಕ್ಕೆ ನಾನು ನಮ್ಮೂರ ಥರ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಚೆಂದ ಮಾಡಿ ಬರೆದಿದ್ದೆ, ಮೇಡಂ ಮಾರ್ಜಿನಲ್ಲಿ ಕೆಂಪಲ್ಲ, ಪೆನ್ಸಿಲಲ್ಲಿ, ಇದರಲ್ಲಿ ನೀನೇನು ಹೇಳ್ತೀಯಾ ಅಂತ ಬರೆದಿದ್ರು. ನಾನು ಹೇಳೋದಾ? ನನ್ನ ಅಭಿಪ್ರಾಯ ಯಾರಿಗೆ ಬೇಕು, ಪುಸ್ತಕದಲ್ಲಿ ಇರೋದನ್ನ ಬರೆದ್ರೆ ತಾನೇ ಮಾರ್ಕ್ಸು. ಆಫೀಸ್ ಅವರ್ಸ್‌ಗೆ, ಅಂದ್ರೆ ಸ್ಟೂಡೆಂಟ್ಸ್ ಜೊತೆ ಮಾತಾಡೋಕೆ ಅಂತ ಮೇಷ್ಟ್ರು ತಮ್ಮ ರೂಮಲ್ಲಿ ಕೂರೋ ಹೊತ್ತಿಗೆ, ಬಾ ಅಂದ್ರು. ನಮ್ಮಲ್ಲಿ ಸ್ಟಾಫ್ ರೂಮಿಗೆ ಕರೆದ್ರೆ ಬೈಗುಳಕ್ಕೇ ಕರೆಯೋದು, ಹೊರಗಡೆ ಕಾರಿಡಾರಲ್ಲಿ ಹತ್ತು ನಿಮಿಷ ನಿಂತಿದ್ದು ಒಳಗೆ ಹೋದೆ. ಅರ್ಧ ಗಂಟೆ ಕೂರ್ಸಿಕೊಂಡು ಮಾತಾಡಿದ್ರು. ಬಿಎಸ್ಸಿ ಎರಡು ವರ್ಷದಲ್ಲಿ ಯಾವ ಲೆಕ್ಚರರ್ ಜೊತೆನೂ ನಾನು ಒಟ್ಟು ಅರ್ಧ ಗಂಟೆ ಮಾತಾಡಿರ್ಲಿಲ್ಲ.

ಕ್ಲಾಸಲ್ಲಿ ಯಾರ್ಯಾರು ಇದ್ರು ಅಂತೀರಾ. ಹಗಲೆಲ್ಲಾ ಗ್ಯಾರೇಜಲ್ಲಿ ಕೆಲಸ ಮಾಡಿ ಕೈಗೆ ಗ್ರೀಸ್ ಮೆತ್ತಿಕೊಂಡೇ ಬರೋ ಹುಡುಗ, ಮಿಲಿಟರಿ ಬಿಟ್ಟು ಬಂದೋನು, ನಾಲ್ಕು ಮಕ್ಕಳ ತಾಯಿ, ಅರವತ್ತು ದಾಟಿದ ಒಬ್ಬ ಚೀನಾದ ಅಜ್ಜಿ, ಹೈಸ್ಕೂಲಲ್ಲೇ ಇದ್ದುಕೊಂಡು ಕಾಲೇಜ್ ಮ್ಯಾತ್ಸ್ ಮುಗಿಸ್ತಿದ್ದ ಕೂಪರ್ಟಿನೋ ಹುಡುಗ್ರು. ಹಾಸ್ಟೆಲ್ ಇಲ್ಲ, ಎಲ್ಲಾ ಬಂದು ಕ್ಲಾಸ್ ಮುಗಿಸಿ ಓಡೋರೇ, ಸ್ನೇಹ ಆಗೋಕೆ ಟೈಮೇ ಇಲ್ಲ, ಒಂಥರಾ ಬಸ್ ಸ್ಟ್ಯಾಂಡು. ಆದ್ರೆ ಬಸ್ ಸ್ಟ್ಯಾಂಡಲ್ಲಿ ಯಾರೂ ಯಾರನ್ನೂ ನಿನ್ ವಯಸ್ಸೆಷ್ಟು, ಇಷ್ಟು ತಡವಾಗಿ ಯಾಕ್ ಬಂದೆ ಅಂತ ಕೇಳಲ್ಲ ನೋಡಿ, ಅದು ನಂಗೆ ಹಿಡಿಸ್ತು.

ಕೇಳ್ತಿದ್ದೋರು ನಮ್ಮೋರೇ. ಕನ್ನಡ ಕೂಟದ ಯುಗಾದಿ ಊಟದಲ್ಲೋ, ಯಾರದೋ ಮನೆ ಸತ್ಯನಾರಾಯಣ ಪೂಜೇಲೋ, ಓದ್ತಿದ್ದೀರಂತೆ ಯಾವ ಯೂನಿವರ್ಸಿಟಿ ಅಂತ. ಡಿ ಆಂಜಾ ಅಂದ ತಕ್ಷಣ "ಓ, ಕಮ್ಯುನಿಟಿ ಕಾಲೇಜಾ" ಅಂತ ಒಂದು ಎಳೆತ ಬರತ್ತಲ್ಲ, ಪಾಪ ಅನ್ನೋ ಥರ. ಟೈಂಪಾಸಾ ಅಂತಾನೂ ಕೇಳಿದೋರವ್ರೆ. ಅವ್ರ ಮಕ್ಕಳು ಬೇಸಿಗೇಲಿ ಅದೇ ಕಾಲೇಜಲ್ಲಿ ಕೋರ್ಸ್ ತಗೊಂಡ್ರೆ ಮಾತ್ರ ಅದು ಅಡ್ವಾನ್ಸ್ಡು, ನಾನು ತಗೊಂಡ್ರೆ ಟೈಂಪಾಸು! ಆಮೇಲಾಮೇಲೆ ನಾನೊಂದು ಉತ್ತರ ಇಟ್ಕೊಂಡಿದ್ದೆ: ಆಪಲ್ ಕಂಪನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಕೊಲರಾಡೋದಲ್ಲಿ ಗಲಾಟೆ ಮಾಡ್ಕೊಂಡು ವಾಪಸ್ ಬಂದು ಇದೇ ಡಿ ಆಂಜಾದಲ್ಲಿ ಓದಿ 1971ರಲ್ಲಿ ಬರ್ಕ್ಲಿಗೆ ಟ್ರಾನ್ಸ್‌ಫರ್ ಆಗಿದ್ದು, ಮೊದಲನೇ ಮ್ಯಾಕಿಂಟಾಷ್ 1984ರಲ್ಲಿ ಜನಕ್ಕೆ ತೋರ್ಸಿದ್ದೂ ಇದೇ ಕ್ಯಾಂಪಸ್ಸಿನ ಫ್ಲಿಂಟ್ ಸೆಂಟರಲ್ಲಿ. ಆಪಲಲ್ಲಿ ಕೆಲಸ ಮಾಡೋರ ಮುಂದೆ ಇದನ್ನ ಹೇಳೋದ್ರಲ್ಲಿ ಒಂದು ಮಜಾ ಇತ್ತು, ಸುಳ್ಳು ಯಾಕೆ ಹೇಳ್ಲಿ.

ಸರಿ, ಈಗ ನಿಜವಾದ ವಿಷಯ. ಟ್ರಾನ್ಸ್‌ಫರ್ ಅಂದ್ರೆ ಓದು ಅರ್ಧ, ಗುಮಾಸ್ತಗಿರಿ ಅರ್ಧ. ನಮ್ಮಲ್ಲಿ ಬಿಎಸ್ಸಿ ಸೇರಿದ್ರೆ ಮೂರು ವರ್ಷಕ್ಕೆ ಏನೇನು ಓದ್ಬೇಕು ಅಂತ ಅವ್ರೇ ಬರೆದು ಕೊಟ್ಟಿರ್ತಾರೆ, ನಾವು ಸುಮ್ನೆ ಹೋಗಿ ಕೂತ್ಕೊಂಡ್ರೆ ಸಾಕು. ಇಲ್ಲಿ ಯಾರೂ ಏನೂ ಬರೆದು ಕೊಡಲ್ಲ. ಅಸಿಸ್ಟ್ ಡಾಟ್ ಆರ್ಗ್ ಅಂತ ಸರ್ಕಾರದ್ದೇ ಒಂದು ಸೈಟಿದೆ, ಅದರಲ್ಲಿ ನಿನ್ನ ಕಾಲೇಜು, ಹೋಗ್ಬೇಕಾದ ಯೂನಿವರ್ಸಿಟಿ, ಮೇಜರ್ (ಡಿಗ್ರಿ ಮಾಡೋ ಮುಖ್ಯ ವಿಷಯ) ಮೂರೂ ಹಾಕಿದ್ರೆ ಎಡಗಡೆ ಅಲ್ಲಿನ ಕೋರ್ಸು, ಬಲಗಡೆ ಇಲ್ಲಿನ ಕೋರ್ಸು, ಯಾವುದಕ್ಕೆ ಯಾವುದು ಸಮ ಅಂತ ಬರತ್ತೆ. ನಂಗೆ ಆ ಸೈಟ್ ಗೊತ್ತಾಗಿದ್ದು ಮೂರನೇ ಕ್ವಾರ್ಟರಲ್ಲಿ. ಅಷ್ಟೊತ್ತಿಗೆ ನಾನು ಮಾಡಬಾರದ್ದು ಮಾಡಿ ಆಗಿತ್ತು.

ಏನಂದ್ರೆ, ಬಯಾಲಜಿ ಬೇಕು ಅಂತ ಗೊತ್ತಿತ್ತು, ಲಿಸ್ಟಲ್ಲಿ ಬಯಾಲಜಿ ಅಂತ ಕಾಣ್ತು, ಟೈಮಿಂಗೂ ಬಸ್ಸಿಗೆ ಸರಿಹೋಯ್ತು, ಸೇರ್ಕೊಂಡೆ, ಎ ಗ್ರೇಡೂ ಬಂತು. ಆಮೇಲೆ ನೋಡಿದ್ರೆ ಅದು ಬೇರೆ ಮೇಜರ್‌ನೋರಿಗೆ ಅಂತ ಇರೋ ಬಯಾಲಜಿ! ಯೂನಿಟ್ ಲೆಕ್ಕಕ್ಕೆ ಬರತ್ತೆ, ಆದ್ರೆ ಬಯಾಲಜಿ ಕಡೆ ಮೇಜರ್ ಮಾಡೋರಿಗೆ ಬೇಕಾಗಿದ್ದು 6ಎ, 6ಬಿ, 6ಸಿ ಅಂತ ಮೂರು ಕ್ವಾರ್ಟರಿನ ಸರಣಿ, ಅದನ್ನ ಶುರು ಮಾಡೋಕೆ ಮುಂಚೆ ಕೆಮಿಸ್ಟ್ರಿ ಆಗಿರ್ಬೇಕು, ಕೆಮಿಸ್ಟ್ರಿಗೆ ಮುಂಚೆ ಮ್ಯಾತ್ಸ್ ಆಗಿರ್ಬೇಕು. ಎಡವಿದ್ದು ಒಂದು ಕಡೆ, ಮುಂದಿನದೆಲ್ಲಾ ಸಾಲಾಗಿ ಬಿತ್ತು. ಯುಸಿಗಳು ಹೆಚ್ಚಾಗಿ ಟ್ರಾನ್ಸ್‌ಫರ್‌ನೋರನ್ನ ತಗೊಳ್ಳೋದು ಸೆಪ್ಟೆಂಬರಲ್ಲಿ ಮಾತ್ರ, ಹಂಗಾಗಿ ಒಂದು ಕೋರ್ಸಿನ ತಪ್ಪಿಗೆ ಪೂರ್ತಿ ಒಂದು ವರ್ಷ ಹೋಯ್ತು. ಬೈಯೋದಾದ್ರೆ ನನ್ನನ್ನೇ ಬೈಕೋಬೇಕು, ಕೌನ್ಸೆಲರ್ ಇದ್ರು, ಅಪಾಯಿಂಟ್‌ಮೆಂಟ್ ತಗೊಂಡ್ರೆ ಪ್ಲಾನ್ ಮಾಡಿ ಕೊಡ್ತಾರೆ, ನಾನೇ ನಾಚಿಕೆಗೆ ಹೋಗಿರ್ಲಿಲ್ಲ. ಇಂಗ್ಲಿಷಲ್ಲಿ ತಪ್ಪು ಮಾತಾಡ್ಬಿಟ್ರೆ ಅಂತ.

ಇನ್ನೊಂದು ಇದೆ, ಇದು ನನ್ನ ಲ್ಯಾಬ್ ಪಾರ್ಟ್ನರ್ ಅನುಭವ. ಆ ಮೂರು ಕೋರ್ಸಲ್ಲಿ ಎರಡು ಮುಗಿಸಿ, ಮೂರನೇದು ಯೂನಿವರ್ಸಿಟಿಗೆ ಹೋದ್ಮೇಲೆ ಮಾಡ್ಕೊಂಡ್ರಾಯ್ತು ಅಂದ್ಕೊಂಡ್ಲು. ಇಲ್ಲಿ ಮೂರಕ್ಕೆ ಪಾಠ ಹಂಚಿರೋ ರೀತಿ ಬೇರೆ, ಅಲ್ಲಿ ಮೂರಕ್ಕೆ ಹಂಚಿರೋದೇ ಬೇರೆ, ಮೂರೂ ಸೇರಿದ್ರೆ ಮೂರಕ್ಕೆ ಸಮ, ಬಿಡಿ ಬಿಡಿಯಾಗಿ ಸಮ ಅಲ್ಲ. ಅಲ್ಲಿ ಹೋಗಿ ಓದಿದ್ದನ್ನೇ ಮತ್ತೆ ಓದಿದ್ಲು. ಮೂರು ಸೀಸೆ ಕಷಾಯಾನ ಇನ್ನೊಂದು ಮೂರು ಸೀಸೆಗೆ ಬಗ್ಗಿಸ್ದಂಗೆ, ಮಧ್ಯದಲ್ಲಿ ನಿಲ್ಸಿದ್ರೆ ಯಾವ ಸೀಸೇಲಿ ಎಷ್ಟು ಅಂತ ಯಾರಿಗೂ ಗೊತ್ತಾಗಲ್ಲ. ಸರಣಿ ಶುರು ಮಾಡಿದ ಕಡೇನೇ ಮುಗಿಸ್ಬೇಕು, ಇದನ್ನ ಗೋಡೆ ಮೇಲೆ ಬರೆದು ಅಂಟಿಸ್ಕೊಳ್ಳಿ.

ಊರಿನ ಮಾರ್ಕ್ಸ್ ಕಾರ್ಡ್ ಕಥೆ ಬೇರೆ. ಇಲ್ಲಿ ಅರ್ಜಿ ಹಾಕುವಾಗ ಹಿಂದೆ ಎಲ್ಲೆಲ್ಲಿ ಓದಿದ್ದೀಯೋ ಎಲ್ಲಾ ಹೇಳ್ಬೇಕು, ಬೇರೆ ದೇಶದ್ದೂ, ಫೇಲ್ ಆಗಿದ್ದೂ. ನಂದು ಮೂರನೇ ಸೆಮ್ಮಲ್ಲಿ ಫಿಸಿಕಲ್ ಕೆಮಿಸ್ಟ್ರಿ ಹೋಗಿತ್ತು, ಆಮೇಲೆ ಕಟ್ಟಿ ಪಾಸ್ ಮಾಡಿದ್ದೆ. ಹೇಳದೇ ಇದ್ರೆ ಯಾರಿಗ್ ಗೊತ್ತಾಗತ್ತೆ ಬಿಡಿ ಅಂದೋರು ಇದ್ರು. ಮುಚ್ಚಿಟ್ಟಿದ್ದು ಗೊತ್ತಾದ್ರೆ ಕೊಟ್ಟ ಸೀಟೂ ಕಿತ್ಕೋಬಹುದು, ಅದಕ್ಕೆ ಹೇಳ್ದೆ. ಯೂನಿವರ್ಸಿಟಿ ಸೀಲ್ ಹಾಕಿದ ಲಕೋಟೇಲಿ ಟ್ರಾನ್ಸ್‌ಕ್ರಿಪ್ಟ್ ಬೇಕು ಅಂದಾಗ ಅಪ್ಪ ಮೂರು ಸಲ ಬಸ್ಸಲ್ಲಿ ಹೋಗಿ ಬಂದ್ರು. ಮೊದಲನೇ ಸಲ ಲಕೋಟೆ ಕೊಟ್ಟ ತಕ್ಷಣ ಸರಿಯಾಗಿದ್ಯಾ ನೋಡೋಣ ಅಂತ ಅಪ್ಪಾನೇ ಹರಿದು ತೆಗೆದುಬಿಟ್ಟಿದ್ರು.

ಈಗ ಮೇಜರ್. ನಂದು ಎಂಟಮಾಲಜಿ. ಕೀಟ ಶಾಸ್ತ್ರ. ಸಿಲಿಕಾನ್ ವ್ಯಾಲೀಲಿ ಕೂತ್ಕೊಂಡು ಕಂಪ್ಯೂಟರ್ ಬಿಟ್ಟು ಹುಳ ಓದ್ತೀನಿ ಅಂದ್ರೆ ಜನ ಹೆಂಗ್ ನೋಡ್ತಾರೆ ಅಂತ ಹೇಳಬೇಕಾಗಿಲ್ಲ. ಆದ್ರೆ ನಾನು ಏಳೆಂಟು ವರ್ಷದೋಳಿದ್ದಾಗ ನಮ್ಮ ಕಡೆ ತೆಂಗಿಗೆ ನುಸಿ ರೋಗ ಬಂತು, ಎಳೆಗಾಯಿ ಮೇಲೆಲ್ಲಾ ಕಂದು ಗಾಯ, ಕಾಯಿ ಮುದುಡಿಕೊಂಡು ನಿಂಬೆಹಣ್ಣಿನ ಸೈಜಾಗೋದು, ಅಪ್ಪ ದೊಡ್ಡಪ್ಪ ಇಬ್ರೂ ಮರದ ಬುಡ ಅಗೆದು ಬೇರು ಹುಡುಕಿ ಪ್ಲಾಸ್ಟಿಕ್ ಕವರಲ್ಲಿ ಔಷಧಿ ಕಟ್ಟೋರು, ನಾನು ದಾರ ಹಿಡ್ಕೊಂಡು ನಿಲ್ತಿದ್ದೆ. ಆಮೇಲೆ ಕಪ್ಪುತಲೆ ಹುಳ, ತೋಟ ಪೂರ್ತಿ ಬೆಂಕಿ ಬಿದ್ದಂಗೆ ಕಾಣೋದು. ಈ ಹುಳಕ್ಕೆ ನಮ್ಮ ಮರಾನೇ ಯಾಕೆ ಬೇಕು ಅಂತ ಆಗ ಕೇಳಿದ್ರೆ ಕರ್ಮ ಅನ್ನೋರು.

ಯುಸಿ ಅರ್ಜೀಲಿ ನಾಲ್ಕು ಪ್ರಶ್ನೆಗೆ ತಲಾ 350 ಪದದಲ್ಲಿ ಉತ್ತರ ಬರೀಬೇಕು, ಟ್ರಾನ್ಸ್‌ಫರ್‌ನೋರಿಗೆ ಒಂದು ಪ್ರಶ್ನೆ ಕಡ್ಡಾಯ, ಈ ಮೇಜರಿಗೆ ನೀನು ಹೆಂಗೆ ತಯಾರಾಗಿದೀಯಾ ಅಂತ. ಅದಕ್ಕೆ ಈ ದಾರ ಹಿಡ್ಕೊಂಡು ನಿಂತಿದ್ದೇ ಬರೆದೆ. ಆ ಪೆನ್ಸಿಲ್ ಮೇಡಮ್ಮೇ ಮೂರು ಸಲ ಓದಿ ಕೊಟ್ರು, ಮೂರನೇ ಸಲ ಏನೂ ಗೀಚಲಿಲ್ಲ.

ಟ್ಯಾಗ್ ಅಂತ ಒಂದಿದೆ, ಇದು ಗೊತ್ತಿರಲೇಬೇಕು. ಕಮ್ಯುನಿಟಿ ಕಾಲೇಜಿನೋರಿಗೆ ಯುಸಿ ಕೊಡೋ ಸೀಟ್ ಗ್ಯಾರಂಟಿ. ಹೇಳಿದ ಕೋರ್ಸು, ಹೇಳಿದ ಗ್ರೇಡು ತಗೊಂಡ್ರೆ ಸೀಟು ಖಚಿತ. ಬರ್ಕ್ಲಿ, ಯುಸಿಎಲ್ಎ, ಸ್ಯಾನ್ ಡಿಯಾಗೊ ಮೂರರಲ್ಲಿ ಇಲ್ಲ, ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಆರರಲ್ಲಿ ಇದೆ, ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಅದೂ ಸೆಪ್ಟೆಂಬರ್ ಒಂದೇ ತಿಂಗಳು. ಅದಾದ್ಮೇಲೆ ನವೆಂಬರ್ ಒಳಗೆ ಮಾಮೂಲಿ ಅರ್ಜೀನೂ ಹಾಕ್ಬೇಕು, ಟ್ಯಾಗ್ ಆಯ್ತಲ್ಲ ಅಂತ ಅರ್ಜಿ ಹಾಕೋದೇ ಮರೆತೋರು ಅವ್ರೆ. ಜನವರೀಲಿ ಗ್ರೇಡ್ ಅಪ್‌ಡೇಟ್ ಮಾಡ್ಬೇಕು, ಅದೂ ಮರೀತಾರೆ. ನಾನು ಈ ತಾರೀಕೆಲ್ಲಾ ಅಡಿಗೆಮನೆ ಕ್ಯಾಲೆಂಡರಲ್ಲಿ, ಊರಿಂದ ತಂದಿದ್ದು, ಸಂಕಷ್ಟಿ ಏಕಾದಶಿ ಪಕ್ಕದಲ್ಲೇ ಬರ್ಕೊಂಡಿದ್ದೆ. ಡೇವಿಸ್‌ಗೆ ಹಾಕಿದೆ. 2018ರಲ್ಲಿ ಸೀಟು ಬಂತು.

ಬಂತು ಅಂತ ಅತ್ತೆಗೆ ಹೇಳಿದ್ರೆ ಐದು ಸೆಕೆಂಡ್ ಮಾತೇ ಇಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದ್ಕೊಂಡೆ. ಆಮೇಲೆ, "ಅಂದ್ರೆ ಗಂಡನ್ನ ಬಿಟ್ಟು ಹಾಸ್ಟೆಲಲ್ಲಿ ಇರ್ತೀಯಾ?" ಅಂದ್ರು. ಹಾಸ್ಟೆಲ್ ಅಲ್ಲ ಅತ್ತೆ, ಸೋಮವಾರ ಹೋಗಿ ಗುರುವಾರ ರಾತ್ರಿ ಬಂದ್ಬಿಡ್ತೀನಿ, ರೈಲಿದೆ ಅಂದೆ. ಸಾಂತಾ ಕ್ಲಾರಾ ಗ್ರೇಟ್ ಅಮೆರಿಕಾ ಸ್ಟೇಷನ್ನಲ್ಲಿ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿದ್ರೆ ಎರಡೂವರೆ ಗಂಟೆ ಚಿಲ್ಲರೆಗೆ ಡೇವಿಸ್. ನಮ್ಮನೆಯವ್ರು ಫೋನ್ ಇಸ್ಕೊಂಡು "ಅಮ್ಮ, ಅರಸೀಕೆರೆಯಿಂದ ಬೆಂಗಳೂರಿಗೆ ದಿನಾ ಹೋಗಿ ಬರೋರಿಲ್ವಾ, ಇವಳು ವಾರಕ್ಕೊಂದ್ಸಲ" ಅಂದ್ರು. ಅತ್ತೆ ಕೊನೇಗೆ ಕೇಳಿದ್ದು "ನಿನ್ ಊಟಕ್ಕೇನೋ" ಅಂತ. ಆ ಎರಡು ವರ್ಷದಲ್ಲಿ ನಮ್ಮನೆಯವ್ರು ಸಾರು ಮಾಡೋದು ಕಲ್ತ್ರು, ಈಗ ನನಗಿಂತ ಚೆನ್ನಾಗಿ ಮಾಡ್ತಾರೆ, ಇದನ್ನ ಓದಿ ಬೀಗ್ತಾರೆ.

ಡೇವಿಸ್‌ಗೆ ಕಾಲಿಟ್ಟ ದಿನ ಮೂಗಿಗೆ ಬಡಿದಿದ್ದು ಸಗಣಿ ವಾಸನೆ. ಕ್ಯಾಂಪಸ್ ಒಳಗೇ ಹಸು ಕೊಟ್ಟಿಗೆ ಇದೆ, ಮೊದಲು ಇದು ಬರ್ಕ್ಲಿಯವ್ರ ಕೃಷಿ ಫಾರಂ ಆಗಿದ್ದಂತೆ. ಮೂಗು ಮುಚ್ಚಿಕೊಂಡು ಹೋಗೋ ಲಾಸ್ ಏಂಜಲೀಸ್ ಹುಡುಗೀರ ಮಧ್ಯೆ ನಾನೊಬ್ಳೇ ಆರಾಮಾಗಿ ಉಸಿರಾಡ್ತಿದ್ದೆ. ಊರ ತುಂಬಾ ಸೈಕಲ್ಲು, ಸೈಕಲ್‌ಗೇ ಅಂತ ಸರ್ಕಲ್ಲು, ಟ್ರಾಫಿಕ್ ಬಲಗಡೆ ಹೋಗ್ಬೇಕು, ನಾನು ಅಭ್ಯಾಸಬಲದಲ್ಲಿ ಎಡಕ್ಕೆ ತಿರುಗಿಸಿ ಎರಡನೇ ದಿನವೇ ಒಬ್ಬ ಹುಡುಗನಿಗೆ ಗುದ್ದಿದೆ. ಮೊದಲನೇ ವಾರ ಈ ಸರ್ಕಲ್ ಹತ್ರ ಹಳೇ ಸ್ಟೂಡೆಂಟ್ಸ್ ಯಾರು ಬೀಳ್ತಾರೆ ಅಂತ ನೋಡೋಕೇ ಕೂತಿರ್ತಾರೆ, ಚಪ್ಪಾಳೆ ಬೇರೆ.

ಬಿದ್ದಿದ್ದಕ್ಕಿಂತ ಜಾಸ್ತಿ ನೋವಾಗಿದ್ದು ಮೊದಲನೇ ಮಿಡ್ ಟರ್ಮಲ್ಲಿ. ಜೆನೆಟಿಕ್ಸ್, ನೂರಕ್ಕೆ 47. ಡಿ ಆಂಜಾದಲ್ಲಿ ಕ್ಲಾಸಿಗೆ ಮೂವತ್ತು ನಲವತ್ತು ಜನ, ಮೇಷ್ಟ್ರಿಗೆ ನನ್ನ ಹೆಸರು ಗೊತ್ತು, ಇಲ್ಲಿ ಸಿನಿಮಾ ಥಿಯೇಟರ್ ಥರದ ಹಾಲು, ನೂರಾರು ಜನ, ಹತ್ತು ವಾರಕ್ಕೆ ಕ್ವಾರ್ಟರೇ ಮುಗಿಯತ್ತೆ, ನಾಲ್ಕನೇ ವಾರಕ್ಕೆ ಮಿಡ್ ಟರ್ಮು. ಟ್ರಾನ್ಸ್‌ಫರ್ ಶಾಕ್ ಅಂತ ಇದಕ್ಕೊಂದು ಹೆಸರೇ ಇದೆ, ಬಂದೋರಲ್ಲಿ ಸುಮಾರು ಜನಕ್ಕೆ ಮೊದಲ ಟರ್ಮ್ ಗ್ರೇಡ್ ಬೀಳತ್ತೆ, ಆಮೇಲೆ ಏಳತ್ತೆ ಅಂತೆ. ಅವತ್ತು ಇದೆಲ್ಲಾ ಗೊತ್ತಿರ್ಲಿಲ್ಲ, ರೈಲಲ್ಲಿ ಮಾರ್ಟಿನೆಜ್ ಹತ್ರ ಸೇತುವೆ ದಾಟೋ ತನಕ ಅಳ್ತಾನೇ ಇದ್ದೆ.

ಮದುವೆ ಮನೇಲಿ ಎರಡನೇ ಪಂಕ್ತೀಲಿ ಕೂತೋರಿಗೆ ಗೊತ್ತಿರತ್ತೆ. ಊಟ ಅದೇ, ಎಲೆ ಅದೇ, ಯಾರೂ ಕಮ್ಮಿ ಬಡಿಸಲ್ಲ, ಆದ್ರೆ ಮೊದಲನೇ ಪಂಕ್ತಿಯೋರು ಒಟ್ಟಿಗೆ ಉಂಡು ಎದ್ದು ಎಲೆ ಅಡಿಕೆ ಹಾಕ್ಕೊಂಡು ಮಾತಾಡ್ತಾ ನಿಂತಿರ್ತಾರೆ, ನಮಗೆ ಆ ಮಾತಿನ ತಲೆಬುಡ ಗೊತ್ತಾಗಲ್ಲ. ಇಲ್ಲಿ ಮೂರನೇ ವರ್ಷದೋರು ಎರಡು ವರ್ಷ ಒಂದೇ ಹಾಸ್ಟೆಲಲ್ಲಿ ಇದ್ದೋರು, ಯಾವ ಪ್ರೊಫೆಸರ್ ಲ್ಯಾಬಲ್ಲಿ ಜಾಗ ಇದೆ, ಯಾರ ಹತ್ರ ಹಳೇ ಪೇಪರ್ ಇದೆ ಎಲ್ಲಾ ಅವ್ರಿಗೆ ಗೊತ್ತು. ನಂಗೆ ಟಾಯ್ಲೆಟ್ ಎಲ್ಲಿದೆ ಅಂತಾನೂ ಗೊತ್ತಿಲ್ಲ. ಟ್ರಾನ್ಸ್‌ಫರ್ ಆಂಡ್ ರೀಎಂಟ್ರಿ ಸೆಂಟರ್ ಅಂತ ಒಂದು ರೂಮಿತ್ತು, ನಾನು ರೀಎಂಟ್ರಿ ಅಂದ್ರೆ ಇಸ್ರೋದೋರದ್ದೇನೋ ಅಂದ್ಕೊಂಡಿದ್ದೆ. ಇಪ್ಪತ್ತೈದು ದಾಟಿ ಮತ್ತೆ ಓದೋಕೆ ಬಂದೋರಿಗಂತೆ, ಒಂದು ಲೆಕ್ಕಕ್ಕೆ ನಾವೂ ಗಗನಯಾತ್ರಿಗಳೇ. ಅಲ್ಲಿ ಬಿಟ್ಟಿ ಕಾಫಿ ಸಿಗ್ತಿತ್ತು, ಕಾಫಿ ಹೆಸರಿಗೆ ಅಷ್ಟೇ, ಆದ್ರೆ ನನ್ನ ಥರದೋರು ಇನ್ನೂ ನಾಲ್ಕು ಜನ ಸಿಕ್ಕಿದ್ರು.

ಅದೇ ನವೆಂಬರಲ್ಲಿ ಪ್ಯಾರಡೈಸ್ ಅನ್ನೋ ಊರು ಕಾಡಿನ ಬೆಂಕೀಲಿ ಸುಟ್ಟುಹೋಯ್ತು, ಹೊಗೆ ಡೇವಿಸ್ ತನಕ ಬಂದು ಹಗಲಲ್ಲೇ ಸೂರ್ಯ ಕುಂಕುಮದ ಬೊಟ್ಟಿನ ಥರ ಕಾಣ್ತಿದ್ದ, ಕ್ಲಾಸೆಲ್ಲಾ ಕ್ಯಾನ್ಸಲ್. ಆ ರಜೇಲಿ ಮನೇಲಿ ಕೂತು ಜೆನೆಟಿಕ್ಸ್ ಮೊದಲಿಂದ ಓದ್ದೆ. ಬಿ ಮೈನಸ್ ಬಂತು. ಎ ಗ್ರೇಡ್‌ಗಳೆಲ್ಲಾ ಆಮೇಲೆ ಬಂದ್ವು, ಆದ್ರೆ ನಂಗೆ ನೆನಪಿರೋದು ಆ ಬಿ ಮೈನಸ್ಸು.

ಎಂಟಮಾಲಜಿ ಇರೋದು ಬ್ರಿಗ್ಸ್ ಹಾಲಲ್ಲಿ. ಹತ್ರದಲ್ಲೇ ಬೋಹಾರ್ಟ್ ಮ್ಯೂಸಿಯಂ ಅಂತ ಇದೆ, 80 ಲಕ್ಷದಷ್ಟು ಕೀಟ ಗುಂಡುಸೂಜಿ ಚುಚ್ಚಿ ಪೆಟ್ಟಿಗೇಲಿ ಇಟ್ಟಿದ್ದಾರೆ, ಜೀವ ಇರೋವೂ ಅವೆ, ಬುಸ್ ಅನ್ನೋ ಮಡಗಾಸ್ಕರ್ ಜಿರಳೆ ಮಕ್ಕಳ ಕೈಮೇಲೆ ಬಿಡ್ತಾರೆ. ಏಪ್ರಿಲಲ್ಲಿ ಪಿಕ್ನಿಕ್ ಡೇ ಅಂತ ಜಾತ್ರೆ ಮಾಡ್ತಾರಲ್ಲ, ಅದರಲ್ಲಿ ನಮ್ಮ ಡಿಪಾರ್ಟ್‌ಮೆಂಟಿಂದು ಜಿರಳೆ ರೇಸು. ನಮ್ಮನೆಯವ್ರು 2019ರಲ್ಲಿ ಬಂದು ಒಂದು ಜಿರಳೆಗೆ ಹೆಸರಿಟ್ಟು ಕೂಗಿ ಕೂಗಿ ಗಂಟಲು ಕಟ್ಟಿಸ್ಕೊಂಡ್ರು, ಸೋತ್ರು. ಅಲ್ಲೇ ಒಂದು ಕ್ಲಾಸಲ್ಲಿ ನಾನು ಕೈ ಎತ್ತಿ ನಮ್ಮೂರ ನುಸಿ ಕೀಟ ಅಂತ ಶುರು ಮಾಡಿದ್ರೆ ಪ್ರೊಫೆಸರ್ ತಡೆದು, ಅದು ಕೀಟ ಅಲ್ಲ, ಜೇಡದ ಕಡೆ ನೆಂಟ ಅಂದ್ರು. ಜೇಡಕ್ಕೆ ಎಂಟು ಕಾಲು, ಈ ನುಸಿಗೆ ಬರೀ ನಾಲ್ಕೇ ಕಾಲಂತೆ. ಅಷ್ಟು ವರ್ಷ ನಮ್ಮನೆಯೋರೆಲ್ಲಾ ಶಾಪ ಹಾಕಿದ ಪ್ರಾಣಿಯ ಕಾಲೆಷ್ಟು ಅಂತ ಯಾರಿಗೂ ಗೊತ್ತಿರ್ಲಿಲ್ಲ.

ಕೊನೇ ಕ್ವಾರ್ಟರ್ 2020ರ ಏಪ್ರಿಲ್, ಗೊತ್ತಲ್ಲ, ಕೊರೋನಾ. ಎಲ್ಲಾ ಆನ್‌ಲೈನ್. ಡೇವಿಸ್ ರೂಮ್ ಖಾಲಿ ಮಾಡಿ ವಾಪಸ್ ಸಾಂತಾ ಕ್ಲಾರಾಗೆ ಬಂದೆ, ಅದೇ ಅಡಿಗೆಮನೆ ಟೇಬಲ್ ಮೇಲೆ ಲಾಸ್ಟ್ ಎಕ್ಸಾಮ್ ಬರೆದೆ. ಜೂನಲ್ಲಿ ಗ್ರಾಜುಯೇಷನ್ ಅಂತ ಲ್ಯಾಪ್‌ಟಾಪಲ್ಲಿ ಒಂದು ವಿಡಿಯೋ, ನನ್ನ ಹೆಸರು ಬಂದಿದ್ದು ಮೂರು ಸೆಕೆಂಡು. ಆ ಕಡೆ ವಾಟ್ಸಾಪ್ ವಿಡಿಯೋದಲ್ಲಿ ಅಪ್ಪ, ಅಮ್ಮ, ಅತ್ತೆ, ದೊಡ್ಡಪ್ಪ ಎಲ್ಲಾ ಒಂದೇ ಫೋನಿಗೆ ತಲೆ ತೂರಿಸ್ಕೊಂಡು ಕೂತಿದ್ರು, ಅತ್ತೆ ಆರತಿ ತಟ್ಟೆ ಹಿಡಿದು ಫೋನಿಗೇ ಬೆಳಗಿದ್ರು, ನಂಗೆ ಕಂಡಿದ್ದು ಬರೀ ಬೆಂಕಿ.

ಆರತಿ ಮುಗಿದ್ಮೇಲೆ ದೊಡ್ಡಪ್ಪ ಫೋನ್ ಇಸ್ಕೊಂಡು ತೋಟಕ್ಕೆ ಹೋದ್ರು. ಕ್ಯಾಮೆರಾ ತಿರುಗಿಸೋಕೆ ಬರದೆ ಮೊದಲು ಅವ್ರ ಮೀಸೆ ಕಾಣ್ತು, ಆಮೇಲೆ ಒಂದು ಒಣಗಿದ ಗರಿ, ಅಡಿಭಾಗದಲ್ಲಿ ಬಲೆಬಲೆ, ಕಪ್ಪುತಲೆ ಹುಳ. "ಇದಕ್ಕೇನ್ ಮಾಡದವ್ವಾ, ಓದ್ಕಂಡಿದೀಯಲ್ಲ ಹೇಳು" ಅಂದ್ರು. ನಾನು ಗಂಟಲು ಸರಿ ಮಾಡ್ಕೊಂಡು, ಔಷಧಿ ಹೊಡೀಬೇಡಿ ದೊಡ್ಡಪ್ಪ, ಈ ಹುಳ ತಿನ್ನೋ ಒಂದು ಸಣ್ಣ ಕಣಜ ಇದೆ, ಗೋನಿಯೋಜಸ್ ಅಂತ, ಲ್ಯಾಬಲ್ಲಿ ಬೆಳೆಸ್ತಾರೆ, ತಂದು ಮರದ ಹತ್ರ ಬಿಟ್ರೆ ಅದೇ ಹುಡುಕ್ಕೊಂಡು ಹೋಗತ್ತೆ ಅಂತ ಐದು ನಿಮಿಷ ಪಾಠ ಮಾಡಿದೆ.

ಪೂರ್ತಿ ಕೇಳಿಸ್ಕೊಂಡ್ರು. "ಅದೇ ಕಣವ್ವಾ, ತೋಟಗಾರಿಕೆ ಇಲಾಖೆಯೋರು ಬಾಟ್ಲೀಲಿ ತಂದು ಬಿಡ್ತಾರಲ್ಲ, ಅದೇ ತಾನೆ? ನಾಳೆ ಬರ್ತಾರೆ. ನಿಂಗೊತ್ತಾ ಇಲ್ವಾ ಅಂತ ನೋಡಿದೆ" ಅಂದ್ರು.